ಸರ್ಪಸುತ್ತು, ಬಸುರಿ ಮತ್ತು ದೋಷದ ಪ್ರಶ್ನೆ

ಬಸುರಿ ಇರುವ ಮನೆಯಲ್ಲಿ ಯಾರಿಗಾದರೂ ಸರ್ಪಸುತ್ತು ಕಾಣಿಸಿಕೊಂಡರೆ ಎರಡು ಪ್ರಶ್ನೆಗಳು ಏಳುತ್ತವೆ. ಹೊಟ್ಟೆಯಲ್ಲಿರುವ ಕೂಸಿಗೆ ಏನಾದರೂ ಆದೀತೇ ಎಂಬುದು ಒಂದು, ಇದು ಯಾರ ದೋಷ ಎಂಬುದು ಇನ್ನೊಂದು. ಮೊದಲನೆಯದಕ್ಕೆ ವೈದ್ಯಶಾಸ್ತ್ರದಲ್ಲಿ ಸಾಕಷ್ಟು ಖಚಿತವಾದ ಉತ್ತರವಿದೆ. ಎರಡನೆಯದು ಧರ್ಮಕ್ಕೆ ಸೇರಿದ ಪ್ರಶ್ನೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಎಂಬ ಮಲಪ್ರಭೆಯ ಸೀಮೆಯ ನಾಲ್ಕು ತಾಲೂಕುಗಳಲ್ಲಿ ಈ ಎರಡನ್ನೂ ಒಂದೇ ಉಸಿರಿನಲ್ಲಿ ಕೇಳುವವರು ಇಂದಿಗೂ ಇದ್ದಾರೆ. ಎರಡನೆಯದರ ಉತ್ತರಕ್ಕಾಗಿ ಹೇಳಿಕೆ, ಹರಕೆ ಎಂದು ಅಲೆಯುವಷ್ಟರಲ್ಲಿ ಮೊದಲನೆಯದಕ್ಕೆ ಬೇಕಾದ ದಿನಗಳು ಕಳೆದುಹೋಗುತ್ತವೆ. ಹಾಗಾಗಿ ಇವೆರಡನ್ನು ಬಿಡಿಸಿಕೊಂಡು ನೋಡಬೇಕಾಗಿದೆ.

ಸರ್ಪಸುತ್ತಿಗೆ ಕಾರಣ ಹಾವಲ್ಲ, ವೆರಿಸೆಲ್ಲಾ ಜೋಸ್ಟರ್ ಎಂಬ ವೈರಸ್. ‘ತಾಯಿ ಬಂದಾಳ’ ಎಂದು ಹಳ್ಳಿಯಲ್ಲಿ ಹೇಳುವ ಸೀತಾಳ ಸಿಡುಬಿಗೂ ಇದೇ ವೈರಸ್ ಕಾರಣ. ಮೊದಲ ಸಲ ದೇಹ ಹೊಕ್ಕಾಗ ಅದು ಸಿಡುಬಾಗಿ ಮೈತುಂಬ ಏಳುತ್ತದೆ. ಗುಳ್ಳೆ ಒಣಗಿ ಹಕ್ಕಳೆ ಉದುರಿದ ಮೇಲೂ ವೈರಸ್ ದೇಹ ಬಿಟ್ಟು ಹೋಗುವುದಿಲ್ಲ. ಬೆನ್ನುಹುರಿಯ ಪಕ್ಕದಲ್ಲಿರುವ ನರಗಂಟುಗಳಲ್ಲಿ ಹತ್ತಾರು ವರ್ಷ ಸುಮ್ಮನೆ ಅಡಗಿರುತ್ತದೆ. ವಯಸ್ಸಾಗಿಯೋ ಬೇರೆ ಕಾಯಿಲೆಯಿಂದಲೋ ದೇಹದ ಪ್ರತಿರೋಧ ಕುಗ್ಗಿದಾಗ ಒಂದು ನರದ ಗುಂಟ ಚರ್ಮದವರೆಗೆ ಇಳಿದು ಬರುತ್ತದೆ. ಮೊದಲು ಉರಿ, ಸೂಜಿ ಚುಚ್ಚಿದಂಥ ನೋವು, ಎರಡು ಮೂರು ದಿನದಲ್ಲಿ ಕೆಂಪು ಪಟ್ಟಿ, ಅದರ ಮೇಲೆ ಗೊಂಚಲಾಗಿ ನೀರ್ಗುಳ್ಳೆ. ಹಳೆಯ ಕಾಲದ ಮಾರಕ ಸಿಡುಬು, ಅಂದರೆ ಮೈಲಿ ಬೇನೆ, ಬೇರೆಯೇ ವೈರಸ್ಸಿನದು. ಅದರ ಕೊನೆಯ ಪ್ರಕರಣ ಭಾರತದಲ್ಲಿ 1975ರಲ್ಲಿ ಕಂಡಿತು. ಜಗತ್ತಿನಿಂದಲೇ ಅದು ಅಳಿಯಿತೆಂದು 1980ರಲ್ಲಿ ಘೋಷಣೆಯಾಯಿತು. ರೋಗ ಹೋಯಿತು, ಅದರ ಭಯ ಮಾತ್ರ ಸೀತಾಳ ಸಿಡುಬಿನ ಮೇಲೆ ಉಳಿದುಕೊಂಡಿತು.

ಸರ್ಪಸುತ್ತಿಗೂ ಸೀತಾಳ ಸಿಡುಬಿಗೂ (ಮುಂದೆ ಬರಿಯ ಸಿಡುಬು ಎಂದರೆ ಇದೇ) ನಂಟಿದೆ ಎಂಬ ಅನುಮಾನ ಹಳೆಯದು. ಹಂಗೇರಿಯ ವೈದ್ಯ ಬೊಕೈ 1892ರಲ್ಲೇ ಇದನ್ನು ಎತ್ತಿದ್ದರು. ಸರ್ಪಸುತ್ತು ಆದವರ ಜೊತೆಗಿದ್ದ ಮಕ್ಕಳಿಗೆ ಕೆಲವು ದಿನಗಳಲ್ಲಿ ಸಿಡುಬು ಏಳುವುದನ್ನು ಅವರು ಗಮನಿಸಿದ್ದರು. ಎರಡೂ ಕಡೆ ಇರುವುದು ಒಂದೇ ವೈರಸ್ ಎಂದು 1950ರ ದಶಕದಲ್ಲಿ ಥಾಮಸ್ ವೆಲ್ಲರ್ ತೋರಿಸಿದರು. ಬಾಲ್ಯದ ವೈರಸ್ಸೇ ಒಳಗೆ ಮಲಗಿದ್ದು ಮುಂದೊಂದು ದಿನ ಎದ್ದು ಬರುತ್ತದೆ ಎಂಬ ವಾದವನ್ನು 1965ರಲ್ಲಿ ಮುಂದಿಟ್ಟವರು ಎಡ್ಗರ್ ಹೋಪ್-ಸಿಂಪ್ಸನ್. ಇವರು ದೊಡ್ಡ ಪ್ರಯೋಗಾಲಯದ ವಿಜ್ಞಾನಿಯಲ್ಲ, ಇಂಗ್ಲೆಂಡಿನ ಸಣ್ಣ ಊರೊಂದರಲ್ಲಿ ರೋಗಿಗಳನ್ನು ನೋಡುತ್ತಿದ್ದ ವೈದ್ಯ. ತಮ್ಮಲ್ಲಿಗೆ ಬಂದ ಸರ್ಪಸುತ್ತಿನ ರೋಗಿಗಳ ಲೆಕ್ಕವನ್ನು ವರ್ಷಗಟ್ಟಲೆ ಇಟ್ಟು ಈ ತೀರ್ಮಾನಕ್ಕೆ ಬಂದಿದ್ದರು.

ಸರ್ಪಸುತ್ತಿನ ಬಗ್ಗೆ ಅತಿ ಹೆಚ್ಚು ಹೆದರಿಸುವ ನಂಬಿಕೆಯೆಂದರೆ, ಸುತ್ತು ನಡುವನ್ನು ಬಳಸಿ ಹೆಡೆ-ಬಾಲ ಕೂಡಿದರೆ ಮನುಷ್ಯ ಉಳಿಯುವುದಿಲ್ಲ ಎಂಬುದು. ಆ ಭಯಕ್ಕೆ ಕೆಮ್ಮಣ್ಣು ಬಳಿಯುತ್ತಾರೆ, ಮಂತ್ರ ಹಾಕಿಸುತ್ತಾರೆ, ಸುತ್ತಿನ ‘ದಾರಿ’ ಕಟ್ಟಿಸುತ್ತಾರೆ. ಹೆಡೆ-ಬಾಲ ಕೂಡುವುದಿಲ್ಲ ಎಂಬುದೂ ನಿಜ. ಆದರೆ ಅದಕ್ಕೆ ಕಾರಣ ಮಂತ್ರವಲ್ಲ. ಬೆನ್ನುಹುರಿಯ ಎಡಬಲಗಳಿಂದ ಹೊರಡುವ ನರಗಳು ತಂತಮ್ಮ ಬದಿಯ ಚರ್ಮವನ್ನಷ್ಟೇ ತಲುಪುತ್ತವೆ. ಹೊಕ್ಕುಳ ಮತ್ತು ಬೆನ್ನಿನ ನಡುಗೆರೆಗೆ ಬಂದು ನಿಲ್ಲುತ್ತವೆ. ಹೆನ್ರಿ ಹೆಡ್ ಮತ್ತು ಕ್ಯಾಂಪ್ಬೆಲ್ ಎಂಬ ಇಬ್ಬರು ಸರ್ಪಸುತ್ತಿನ ರೋಗಿಗಳ ಮೈಮೇಲಿನ ಪಟ್ಟಿಗಳನ್ನು ಅಭ್ಯಾಸ ಮಾಡಿ, ಯಾವ ನರ ಚರ್ಮದ ಯಾವ ಭಾಗವನ್ನು ಆಳುತ್ತದೆ ಎಂಬ ನಕ್ಷೆಯನ್ನು 1900ರಲ್ಲಿ ಪ್ರಕಟಿಸಿದರು. ರೋಗವೇ ದೇಹದ ಒಳಗಿನ ನಕ್ಷೆಯನ್ನು ಹೊರಗೆ ಬರೆದು ತೋರಿಸಿತ್ತು. ಮಂತ್ರ ಹಾಕಿದರೂ ಹಾಕದಿದ್ದರೂ ಪಟ್ಟಿ ನಡುಗೆರೆಯಲ್ಲಿ ನಿಲ್ಲುತ್ತದೆ. ನಡುಗೆರೆ ದಾಟಿ ಮೈಯೆಲ್ಲ ಹರಡಿದರೆ ಅದು ದೇಹದ ಪ್ರತಿರೋಧ ತೀರ ಕುಸಿದಿರುವ ಸೂಚನೆ, ಕೂಡಲೇ ಆಸ್ಪತ್ರೆಗೆ ಹೋಗಬೇಕಾದ ಸ್ಥಿತಿ.

ಬಸುರಿಯ ವಿಷಯಕ್ಕೆ ಬಂದರೆ ಮೂರು ಸಂದರ್ಭಗಳನ್ನು ಒಂದರೊಡನೊಂದು ಕಲಸಬಾರದು. ಸರ್ಪಸುತ್ತು ಬಸುರಿಗೇ ಆದರೆ ನೋವು ಅವಳದು, ಕೂಸಿಗೆ ಅಪಾಯವಿಲ್ಲವೆಂದೇ ಹೇಳಬಹುದು. ಬಾಲ್ಯದ ಸಿಡುಬಿನಿಂದ ಅವಳ ರಕ್ತದಲ್ಲಿ ಉಳಿದ ಪ್ರತಿಕಾಯಗಳು ಮಾಸಿನ ಮೂಲಕ ಕೂಸನ್ನೂ ಕಾಯುತ್ತವೆ. ಜರ್ಮನಿ ಮತ್ತು ಬ್ರಿಟನ್ನಿನಲ್ಲಿ ನಡೆದು 1994ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಗರ್ಭಿಣಿಯರಾಗಿದ್ದಾಗ ಸರ್ಪಸುತ್ತು ಆದ 366 ಮಹಿಳೆಯರಿದ್ದರು. ಅವರ ಮಕ್ಕಳಲ್ಲಿ ಒಂದಕ್ಕೂ ಗರ್ಭದಲ್ಲಿ ಸೋಂಕು ತಗುಲಿದ ಕುರುಹು ಸಿಗಲಿಲ್ಲ. ಇನ್ನು, ಸರ್ಪಸುತ್ತು ಮನೆಯ ಬೇರೊಬ್ಬರಿಗೆ ಆಗಿದ್ದು ಬಸುರಿಗೆ ಹಿಂದೆ ಸಿಡುಬು ಆಗಿಹೋಗಿದ್ದರೆ ಆಗಲೂ ಭಯಪಡಬೇಕಾದದ್ದಿಲ್ಲ. ಚಿಂತೆ ಮಾಡಬೇಕಾದದ್ದು ಮೂರನೆಯ ಸಂದರ್ಭದಲ್ಲಿ: ಬಸುರಿಗೆ ಎಂದೂ ಸಿಡುಬು ಆಗಿಲ್ಲ, ಲಸಿಕೆಯೂ ಆಗಿಲ್ಲ, ಬೇರೊಬ್ಬರ ಹಸಿ ಗುಳ್ಳೆಯ ನೀರು ಅವಳಿಗೆ ತಾಗಿದೆ. ಆಗ ಅವಳಿಗೆ ಸರ್ಪಸುತ್ತು ಅಂಟುವುದಿಲ್ಲ, ಸಿಡುಬು ಏಳಬಹುದು. ಬಿಸಿಲ ನಾಡುಗಳಲ್ಲಿ ಸಿಡುಬು ಕಾಣದೆಯೇ ದೊಡ್ಡವರಾಗುವವರು ಚಳಿ ದೇಶಗಳಿಗಿಂತ ಹೆಚ್ಚು. ಈ ಲಸಿಕೆ ಭಾರತದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಸೇರಿಲ್ಲ. ಹೀಗಾಗಿ ಈ ಮೂರನೆಯ ಸಂದರ್ಭವನ್ನು ಅಪರೂಪದ್ದೆಂದು ತಳ್ಳಿಹಾಕಲಾಗದು.

ಬಸುರಿಗೆ ಸಿಡುಬು ಎದ್ದರೆ ಮೊದಲ ಅಪಾಯ ಅವಳಿಗೇ. ನ್ಯುಮೋನಿಯಾ ಆಗಿ ಜೀವಕ್ಕೆ ಕುತ್ತು ಬರಬಹುದು. ಕೂಸಿನ ಮಟ್ಟಿಗೆ ಹೇಳುವುದಾದರೆ, ಅದೇ 1994ರ ಅಧ್ಯಯನದ ಪ್ರಕಾರ ಮೊದಲ 13 ವಾರದೊಳಗೆ ಸಿಡುಬು ಆದ ತಾಯಂದಿರಲ್ಲಿ 1000ಕ್ಕೆ ಸುಮಾರು 4, 13ರಿಂದ 20ನೇ ವಾರದ ನಡುವೆ ಆದವರಲ್ಲಿ 100ಕ್ಕೆ ಸುಮಾರು 2 ಕೂಸುಗಳಿಗೆ ಚರ್ಮದ ಕಲೆ, ಕೈಕಾಲಿನ ಊನ, ಕಣ್ಣು ಮಿದುಳಿನ ತೊಂದರೆ ಕಂಡಿತು. ಉಳಿದವು, ಎಂದರೆ ಬಹುಪಾಲು ಕೂಸುಗಳು, ಈ ಊನಗಳಿಲ್ಲದೆ ಹುಟ್ಟಿದವು. ಇನ್ನೊಂದು ಗಂಡಾಂತರದ ಗಳಿಗೆ ಹೆರಿಗೆಯ ಆಸುಪಾಸಿನದು. ಹೆರಿಗೆಗೆ 5 ದಿನ ಮೊದಲಿನಿಂದ ಹೆರಿಗೆಯಾಗಿ 2 ದಿನದ ಒಳಗೆ ತಾಯಿಗೆ ಗುಳ್ಳೆ ಎದ್ದರೆ, ರಕ್ಷಣೆಯ ಪ್ರತಿಕಾಯ ಕೂಸಿಗೆ ತಲುಪುವ ಮೊದಲೇ ವೈರಸ್ ತಲುಪಿರುತ್ತದೆ. ಅಂಥ ಹಸುಗೂಸಿಗೆ ತೀವ್ರ ಚಿಕಿತ್ಸೆ ಬೇಕು.

ಮೊದಲ ಪ್ರಶ್ನೆಗೆ ಉತ್ತರ ಇಷ್ಟು. ಎರಡನೆಯದು ಇಷ್ಟು ಸುಲಭಕ್ಕೆ ಬಗೆಹರಿಯುವುದಿಲ್ಲ, ಏಕೆಂದರೆ ಈ ಸೀಮೆಯಲ್ಲಿ ಹಾವು, ಚರ್ಮದ ರೋಗ ಮತ್ತು ಹೆಣ್ಣು ಒಂದೇ ಕಥೆಯಲ್ಲಿ ಕೂಡಿಬರುತ್ತವೆ. ಸವದತ್ತಿಯ ಗುಡ್ಡದ ರೇಣುಕಾ ಯಲ್ಲಮ್ಮನ ಕಥೆ ಅದು. ಜಮದಗ್ನಿಯ ಹೆಂಡತಿ ರೇಣುಕೆ ನಿತ್ಯ ಮಲಪ್ರಭೆಗೆ ಹೋಗಿ ಉಸುಕಿನಲ್ಲಿ ಕೊಡ ಮಾಡಿ, ಹಾವನ್ನು ಸಿಂಬಿಯಾಗಿ ಸುತ್ತಿ ತಲೆಯ ಮೇಲಿಟ್ಟು ನೀರು ತರುತ್ತಿದ್ದಳು. ಒಂದು ದಿನ ನದಿಯಲ್ಲಿ ಗಂಧರ್ವರ ಜಲಕ್ರೀಡೆ ಕಂಡು ಮನಸ್ಸು ಒಂದು ಗಳಿಗೆ ಅತ್ತ ಹರಿಯಿತು. ಉಸುಕು ಕೊಡವಾಗಲಿಲ್ಲ, ಹಾವು ಸಿಂಬಿಯಾಗಲಿಲ್ಲ. ಗಂಡನ ಶಾಪದಿಂದ ಅವಳ ಮೈ ರೋಗದಿಂದ ಕೆಟ್ಟಿತು. ಕಾಡಿನಲ್ಲಿ ಅಲೆದವಳನ್ನು ಎಕ್ಕಯ್ಯ, ಜೋಗಯ್ಯ ಎಂಬ ಸಾಧುಗಳು ಆದರಿಸಿದರು. ಜೋಗುಳಬಾವಿಯ ನೀರಿನಲ್ಲಿ ಮಿಂದು ಅವಳ ಮೈ ತಿಳಿಯಾಯಿತು. ಗುಡ್ಡಕ್ಕೆ ಹೋಗುವ ಭಕ್ತರು ಇಂದಿಗೂ ಮೊದಲು ಜೋಗುಳಬಾವಿಯಲ್ಲಿ ಮೀಯುತ್ತಾರೆ. ಚರ್ಮದ ಬೇನೆಗೆ ಅಲ್ಲಿ ಹರಕೆ ಹೊರುವುದೂ ಇದೆ.

ಮೇಲುನೋಟಕ್ಕೆ ಈ ಕಥೆ ರೋಗವನ್ನು ಶಿಕ್ಷೆಯೆಂದು ಹೇಳುವಂತಿದೆ. ಬಸುರಿಯ ಮನೆಯಲ್ಲಿ ಇದನ್ನು ಹಾಗೆ ಓದಿದರೆ ಅವಳ ಮೇಲೆ ಹೊರಲಾರದ ಹೊರೆ ಬೀಳುತ್ತದೆ. ಯಾವಾಗ ಮನಸ್ಸು ಅತ್ತಿತ್ತ ಹರಿಯಿತು, ಯಾವ ವಾರ ತಪ್ಪಿತು, ಯಾವ ಹರಕೆ ಬಾಕಿ ಉಳಿಯಿತು ಎಂದು ಅವಳು ತನ್ನನ್ನೇ ಜಾಲಾಡಿಕೊಳ್ಳತೊಡಗುತ್ತಾಳೆ. ಆದರೆ ಕಥೆಯನ್ನು ಭಕ್ತರು ಬದುಕಿರುವ ರೀತಿ ಬೇರೆ. ಲಕ್ಷಾಂತರ ಮಂದಿ ಗುಡ್ಡ ಹತ್ತುವುದು ಶಾಪ ಕೊಟ್ಟವನಿಗೆ ಉಧೋ ಅನ್ನುವುದಕ್ಕಲ್ಲ, ಶಾಪ ಉಂಡವಳಿಗೆ. ರೋಗದಿಂದ ಮೈ ಕೆಟ್ಟು ಮನೆಯಿಂದ ಹೊರಬಿದ್ದವಳೇ ಇಲ್ಲಿ ತಾಯಿ. ರೋಗವು ಪಾಪದ ಗುರುತಾಗಿದ್ದರೆ ಅವಳು ಪೂಜೆಗೆ ಸಲ್ಲುತ್ತಿರಲಿಲ್ಲ. ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟಿದ ಅಣೆಕಟ್ಟಿನ ಜಲಾಶಯಕ್ಕೂ ರೇಣುಕಾಸಾಗರವೆಂದೇ ಹೆಸರು. ನಾಲ್ಕೂ ದಿಕ್ಕಿನ ಜನ ರೋಗಿಷ್ಠೆಯ ಪಕ್ಷ ಹಿಡಿದು ನಿಂತಿರುವ ಈ ಭಕ್ತಿಯಲ್ಲಿ, ರೋಗಿಯನ್ನು ತಪ್ಪಿತಸ್ಥಳಾಗಿ ಕಾಣಲು ಆಧಾರ ಸಿಗುವುದಿಲ್ಲ. ಕಥೆಯ ಒಳಗೇ ಇರುವ ಈ ನ್ಯಾಯವನ್ನು ಹೇಳಿಕೆ ಕೊಡುವವರು ಮರೆಯುತ್ತಾರೆ.

ಮೈಮೇಲಿನ ಗುರುತನ್ನು ದೈವದ ಅಪ್ಪಣೆಯೆಂದು ಓದಿದ್ದರಿಂದ ಈ ಸೀಮೆ ತೆತ್ತ ಬೆಲೆ ಸಣ್ಣದಲ್ಲ. ತಲೆಯಲ್ಲಿ ಜಡೆ ಗಟ್ಟಿತೆಂದು, ಮೈಮೇಲೆ ಏನೋ ಎದ್ದಿತೆಂದು ಎಳೆಯ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿಸಿ ದೇವದಾಸಿಯರನ್ನಾಗಿ ಬಿಟ್ಟದ್ದುಂಟು. ಕರ್ನಾಟಕ 1982ರಲ್ಲಿ ಇದನ್ನು ಕಾಯ್ದೆಯಿಂದ ನಿಷೇಧಿಸಿತು. ಎಣ್ಣೆ ನೀರಿಲ್ಲದ ಕೂದಲಿಗೂ ಚರ್ಮದ ಬೇನೆಗೂ ದೇವಿಯ ಇಚ್ಛೆಯನ್ನು ಆರೋಪಿಸಿ ಒಂದು ಜೀವದ ಬಾಳನ್ನೇ ತೀರ್ಮಾನಿಸಿದ ಅನ್ಯಾಯ ಅದು. ಸರ್ಪಸುತ್ತಿಗೆ ದೋಷ ಹುಡುಕುವ ಮನಸ್ಸೂ ಇದೇ ಜಾಡಿನದು.

ನಾಗದೋಷದ ನಂಬಿಕೆ ಬಸುರಿಯನ್ನು ಇನ್ನೂ ಹತ್ತಿರದಿಂದ ಕಾಡುತ್ತದೆ. ಕರ್ನಾಟಕದಲ್ಲೆಲ್ಲ ನಾಗ ಸಂತಾನದ ದೇವರು. ಮಕ್ಕಳಾಗದವರು, ಗರ್ಭ ನಿಲ್ಲದವರು ಅರಳಿಕಟ್ಟೆಯ ನಾಗರಕಲ್ಲಿಗೆ ಸುತ್ತು ಹಾಕುತ್ತಾರೆ. ಉತ್ತರ ಕರ್ನಾಟಕದ ಹೆಣ್ಣುಮಕ್ಕಳಿಗೆ ನಾಗರಪಂಚಮಿ ತವರಿನ ಹಬ್ಬ, ಜೋಕಾಲಿ ಮತ್ತು ಉಂಡಿಗಳ ಹಬ್ಬ. ಸಂತಾನ ಕೊಡುವ ದೇವರೇ ಮುನಿದು ಮೈಮೇಲೆ ಸುತ್ತಿಕೊಂಡಿದ್ದಾನೆ ಎಂದರೆ ಏಳು ತಿಂಗಳ ಬಸುರಿಯ ಎದೆ ನಡುಗದೆ ಇರುವುದಿಲ್ಲ. ಹಿಂದೆ ಹೊಲದಲ್ಲಿ ಯಾರೋ ಹಾವು ಹೊಡೆದದ್ದು, ಹುತ್ತ ಕೆಡವಿದ್ದು ಎಲ್ಲ ನೆನಪಿಗೆ ಬರುತ್ತದೆ. ಕಲ್ಲುನಾಗರಕ್ಕೆ ಹಾಲೆರೆದು ದಿಟನಾಗರವನ್ನು ಕೊಲ್ಲುವ ಭಕ್ತಿಯನ್ನು 12ನೇ ಶತಮಾನದಲ್ಲೇ ಬಸವಣ್ಣನವರು ಪ್ರಶ್ನಿಸಿದ್ದರು. ಪಂಚಮಿಯಂದು ಆ ಹಾಲನ್ನು ಮಕ್ಕಳಿಗೆ ಕುಡಿಸುವ ಕಾರ್ಯಕ್ರಮಗಳು ಇಂದು ಬೆಳಗಾವಿ ಜಿಲ್ಲೆಯಲ್ಲೂ ನಡೆಯುತ್ತವೆ. ಹಬ್ಬದ ಸಂತೋಷಕ್ಕೆ ಇದರಿಂದ ಕುಂದಿಲ್ಲ. ಕುಂದು ಇರುವುದು ದೋಷದ ಲೆಕ್ಕಾಚಾರದಲ್ಲಿ.

ದೋಷದ ಮಾತಿಗೆ ಬಲ ಬರುವುದು ಕರ್ಮದ ಸಿದ್ಧಾಂತದಿಂದ. ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ, ಏಕೆಂದರೆ ಈ ನೆಲದ ಧರ್ಮಗಳು ಇದರ ಬಗ್ಗೆ ಆಳವಾಗಿ ಯೋಚಿಸಿವೆ. ರಟ್ಟರ ರಾಜಧಾನಿಯಾಗಿದ್ದ ಸವದತ್ತಿಯಲ್ಲಿ ಜೈನ ಬಸದಿಗಳಿದ್ದವು. ಜೈನರು ದೇಹದ ನೋವನ್ನು ಅಸಾತಾವೇದನೀಯ ಎಂಬ ಕರ್ಮದ ಫಲವೆನ್ನುತ್ತಾರೆ. ಆದರೆ ಅಲ್ಲಿ ಕರ್ಮವೆನ್ನುವುದು ಸಿಟ್ಟಾದ ದೇವರು ಕೊಡುವ ಶಿಕ್ಷೆಯಲ್ಲ, ಜೀವಕ್ಕೆ ಅಂಟುವ ದ್ರವ್ಯ. ಬುದ್ಧ ಇನ್ನೂ ಸ್ಪಷ್ಟ. ಮೋಳಿಯ ಸೀವಕನೆಂಬ ಪರಿವ್ರಾಜಕನಿಗೆ ಉತ್ತರಿಸುತ್ತ, ಮನುಷ್ಯ ಅನುಭವಿಸುವುದೆಲ್ಲ ಹಿಂದಿನ ಕರ್ಮದಿಂದಲೇ ಎಂಬ ಮಾತನ್ನು ಅವನು ಒಪ್ಪಲಿಲ್ಲ. ಪಿತ್ತ, ಕಫ, ವಾತ, ಋತುಮಾನಗಳಿಂದಲೂ ನೋವು ಹುಟ್ಟುತ್ತದೆ, ಕರ್ಮ ಹಲವು ಕಾರಣಗಳಲ್ಲಿ ಒಂದು ಎಂದ. ಚರಕಸಂಹಿತೆಯ ವಿಮಾನಸ್ಥಾನ ದೈವ ಮತ್ತು ಪುರುಷಕಾರ ಎರಡನ್ನೂ ತೂಗಿ, ದುರ್ಬಲವಾದ ದೈವವನ್ನು ಪ್ರಯತ್ನ ಮೀರಬಲ್ಲದು ಎನ್ನುತ್ತದೆ. ಹಾಗಲ್ಲದಿದ್ದರೆ ವೈದ್ಯನಿಗೆ ಕೆಲಸವೇ ಇರುತ್ತಿರಲಿಲ್ಲ.

ಸರ್ಪಸುತ್ತಿನ ನಡೆ ಮೇಲಿನಿಂದ ನೋಡಿದರೆ ಕರ್ಮದ ಮಾತನ್ನು ನೆನಪಿಸುತ್ತದೆ. ಎಂದೋ ಒಳಗೆ ಸೇರಿದ್ದು ಅರಿವಿಲ್ಲದೆ ಕೂತಿದ್ದು ಹಣ್ಣಾದಾಗ ಹೊರಬರುತ್ತದೆ. ಅರವತ್ತರ ಅಜ್ಜಿಯ ನಡುವಿನ ಮೇಲೆ ಇಂದು ಎದ್ದದ್ದು ಅವಳು ಆರು ವರ್ಷದವಳಾಗಿದ್ದಾಗ ಬಂದ ಸಿಡುಬಿನ ಮುಂದುವರಿಕೆ. ಕಾರಣ ಹಿಂದಿನದು, ಫಲ ಇಂದಿನದು. ಆದರೆ ಆ ಆರು ವರ್ಷದ ಹುಡುಗಿ ಯಾವ ತಪ್ಪು ಮಾಡಿದ್ದಳು? ಓಣಿಯ ಮಕ್ಕಳ ಜೊತೆ ಆಡಿದ್ದಳು, ಅಷ್ಟೆ. ಕಾರಣವಿದೆ, ಅಪರಾಧವಿಲ್ಲ. ಈ ಎರಡನ್ನು ಬೇರೆ ಮಾಡದೆ ಹೋದಾಗಲೇ ದೋಷದ ಮಾತು ಕ್ರೂರವಾಗುತ್ತದೆ. ಗರ್ಭದಲ್ಲಿರುವ ಕೂಸಿನ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. ಅದು ಈ ಲೋಕದಲ್ಲಿ ಇನ್ನೂ ಏನನ್ನೂ ಮಾಡಿಲ್ಲ. ಊನವಾದ ಕೂಸು ಹುಟ್ಟಿದರೆ ‘ಪಡೆದು ಬಂದದ್ದು’ ಎನ್ನುವವರು ಸಮಾಧಾನ ಹೇಳುತ್ತಿದ್ದೇವೆಂದು ತಿಳಿದಿರುತ್ತಾರೆ. ಕೇಳುವ ತಾಯಿಗೆ ಅದು ತೀರ್ಪಿನಂತೆ ಕೇಳುತ್ತದೆ. ಆ ಮಾತನ್ನು ಆಡದಿರುವುದೇ ಧರ್ಮ.

ಅಪರಾಧವಿಲ್ಲ ಎಂದಮಾತ್ರಕ್ಕೆ ಹೊಣೆಯೂ ಇಲ್ಲವೆಂದಾಗುವುದಿಲ್ಲ. ಇಲ್ಲಿ ಇನ್ನೊಂದು ಧಾರ್ಮಿಕ ಪ್ರಶ್ನೆ ಎದುರಾಗುತ್ತದೆ: ರೋಗಿಯನ್ನು ಬಸುರಿಯಿಂದ ದೂರ ಇರಿಸುವುದು ಮೈಲಿಗೆಯ ಆಚರಣೆಯೇ? ಈ ನಾಲ್ಕು ತಾಲೂಕುಗಳಲ್ಲಿ ಶರಣ ಪರಂಪರೆಯ ಬೇರು ಆಳವಾಗಿದೆ. ಬಸವಣ್ಣನವರ ಪತ್ನಿ ಗಂಗಾಂಬಿಕೆ ಐಕ್ಯಳಾದ ಸ್ಥಳವೆಂದು ನಂಬಲಾದ ಮಲಪ್ರಭೆಯ ದಡದ ಎಂ.ಕೆ. ಹುಬ್ಬಳ್ಳಿ ಕಿತ್ತೂರು ತಾಲೂಕಿನಲ್ಲೇ ಇದೆ. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳನ್ನು ಶರಣಧರ್ಮ ಒಪ್ಪುವುದಿಲ್ಲ. ಬಸುರಿಯ ಎಂಟನೆಯ ತಿಂಗಳಿನಲ್ಲಿ ಗರ್ಭದ ಕೂಸಿಗೇ ಲಿಂಗಧಾರಣೆ ಮಾಡುವ ಸಂಸ್ಕಾರ ಲಿಂಗಾಯತರಲ್ಲಿದೆ. ಹುಟ್ಟುವ ಮೊದಲೇ ಕೂಸು ಭಕ್ತ, ಅದನ್ನು ಕಾಯುವುದು ಸಮುದಾಯದ ಹೊಣೆ ಎಂಬ ತಿಳಿವಳಿಕೆ ಇದರ ಹಿಂದಿದೆ. ಸೂತಕವನ್ನು ಒಪ್ಪದ ಧರ್ಮ ಸೋಂಕನ್ನೂ ಒಪ್ಪಬಾರದೇ ಎಂದು ಕೇಳಬಹುದು. ಎರಡೂ ಒಂದೇ ಅಲ್ಲ. ಸೂತಕ ಹುಟ್ಟಿನಿಂದಲೋ ಸ್ಥಿತಿಯಿಂದಲೋ ಅಂಟುತ್ತದೆ, ಮನುಷ್ಯನ ಬೆಲೆಯನ್ನು ಇಳಿಸುತ್ತದೆ. ಸೋಂಕು ಗುಳ್ಳೆಯ ನೀರಿನಲ್ಲಿದೆ. ಹಕ್ಕಳೆಗಟ್ಟಿದ ದಿನ ಮುಗಿಯುತ್ತದೆ, ಯಾರ ಬೆಲೆಯನ್ನೂ ಮುಟ್ಟುವುದಿಲ್ಲ. ಪ್ಲೇಗು ಬಿದ್ದ ಊರಿಗೆ ಹೋಗಬೇಡಿ, ಅಲ್ಲಿದ್ದವರು ಓಡಿಹೋಗಬೇಡಿ ಎಂದು ಪ್ರವಾದಿ ಮುಹಮ್ಮದರು ಹೇಳಿದ್ದರಲ್ಲೂ ಇದೇ ವಿವೇಕವಿದೆ. ಕರ್ನಾಟಕದ 2017ರ ಅಮಾನವೀಯ ದುಷ್ಟ ಪದ್ಧತಿಗಳ ಕಾಯ್ದೆ ಮುಟ್ಟಾದವರನ್ನು, ಬಸುರಿಯರನ್ನು ಬಲವಂತವಾಗಿ ಬೇರೆ ಇರಿಸುವುದನ್ನು ಅಪರಾಧವೆನ್ನುತ್ತದೆ. ಊರ ಹೊರಗಿನ ಗುಡಿಸಲಿಗೆ ಕಳಿಸುವುದಕ್ಕೂ ಹಸಿ ಗುಳ್ಳೆಯಿಂದ ಕೆಲದಿನ ಕಾಯುವುದಕ್ಕೂ ಇರುವ ಅಂತರ ದೊಡ್ಡದು.

ಈ ಅಂತರ ಕಣ್ಣಿಗೆ ಕಾಣುವುದು ಕುಬಸದ ಮನೆಯಲ್ಲಿ. ಏಳನೆಯ ತಿಂಗಳ ಕುಬಸಕ್ಕೆ ತವರಿನವರು ಬಂದಿರುತ್ತಾರೆ, ಹಸಿರು ಸೀರೆ, ಹಸಿರು ಬಳೆ ತಂದಿರುತ್ತಾರೆ. ಉಡಿ ತುಂಬಬೇಕಾದ ಅಜ್ಜಿಗೆ ಇಳಕಲ್ ಸೀರೆಯ ಒಳಗೆ ಬಲ ಪಕ್ಕೆಯ ಮೇಲೆ ನಾಲ್ಕು ದಿನದಿಂದ ಗುಳ್ಳೆ. ಅವಳು ಹೇಳಿಕೊಳ್ಳುವುದಿಲ್ಲ. ಹೇಳಿದರೆ ಅಪಶಕುನವೆಂದು ದೂರ ಕೂರಿಸಿಯಾರು ಎಂಬ ಅಂಜಿಕೆ. ಮೊಮ್ಮಗಳ ಪಕ್ಕದಲ್ಲಿ ಒಂದೇ ಕೌದಿ ಹೊದ್ದು ಮಲಗುತ್ತಾಳೆ. ಇಲ್ಲಿ ಅಪಾಯವನ್ನು ತಂದದ್ದು ಗುಳ್ಳೆಗಿಂತ ಹೆಚ್ಚಾಗಿ ಆ ಅಂಜಿಕೆ. ದೋಷದ ಮಾತು ಆ ಮನೆಯಲ್ಲಿ ಇಲ್ಲದಿದ್ದರೆ ಅಜ್ಜಿ ಮೊದಲ ದಿನವೇ ಹೇಳುತ್ತಿದ್ದಳು. ಗುಳ್ಳೆಯ ಮೇಲೆ ಒಣ ಬಟ್ಟೆ ಕಟ್ಟಿ, ಕೈ ತೊಳೆದು, ಹಾಸಿಗೆ ಟವೆಲ್ ಬೇರೆ ಮಾಡಿ, ಉಡಿ ತುಂಬುವುದನ್ನು ಒಂದು ವಾರ ಹತ್ತು ದಿನ ಮುಂದೆ ಹಾಕಿದರೆ ಶಾಸ್ತ್ರಕ್ಕೂ ಭಂಗವಿಲ್ಲ, ಕೂಸಿಗೂ ತೊಂದರೆಯಿಲ್ಲ. ಮುಚ್ಚಿದ ಗುಳ್ಳೆಯಿಂದ ಸೋಂಕು ಹರಡುವುದು ಕಡಿಮೆ. ಮುಖದ ಮೇಲೆ ತೆರೆದಿರುವ ಗುಳ್ಳೆಯ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಹಕ್ಕಳೆಗಟ್ಟಿದ ಮೇಲೆ ಅಜ್ಜಿ ಮೊಮ್ಮಗಳನ್ನು ಧಾರಾಳವಾಗಿ ಅಪ್ಪಿಕೊಳ್ಳಬಹುದು.

ಹರಕೆ, ಪೂಜೆ ಬೇಡವೆಂದು ಹೇಳಲು ವೈದ್ಯಶಾಸ್ತ್ರಕ್ಕೆ ಕಾರಣವಿಲ್ಲ. ಜೋಗುಳಬಾವಿಗೆ ಹೋಗುವುದು, ಗೊಡಚಿ ವೀರಭದ್ರನಿಗೆ ಬೇಡಿಕೊಳ್ಳುವುದು ಹೆದರಿದ ಮನಸ್ಸಿಗೆ ಆಸರೆ. ಆದರೆ ಆಸರೆ ಕಾಯಬಲ್ಲದು, ರಕ್ತಪರೀಕ್ಷೆ ಕಾಯಲಾರದು. ಸಿಡುಬು ಆಗಿತ್ತೇ ಎಂಬುದನ್ನು ಮೊದಲು ಹೆತ್ತವ್ವನನ್ನು ಕೇಳಿ ತಿಳಿಯಬೇಕು. ಗೊತ್ತಿಲ್ಲದಿದ್ದರೆ ಪ್ರತಿಕಾಯಗಳಿವೆಯೇ ಎಂದು ರಕ್ತ ಪರೀಕ್ಷೆ ಮಾಡಿಸಬೇಕು. ಇಲ್ಲವೆಂದಾದರೆ ಸಂಪರ್ಕವಾದ 10 ದಿನದೊಳಗೆ ಕೊಡಬಹುದಾದ ಇಮ್ಯುನೊಗ್ಲಾಬ್ಯುಲಿನ್ ಚುಚ್ಚುಮದ್ದು ಇದೆ. ಅದು ಎಲ್ಲೆಡೆ ಸುಲಭವಾಗಿ ಸಿಗುವಂಥದ್ದಲ್ಲ, ಸಿಗದಿದ್ದರೆ ಅಸೈಕ್ಲೋವಿರ್ ಮಾತ್ರೆಯ ಬಗ್ಗೆ ವೈದ್ಯರು ನಿರ್ಧರಿಸುತ್ತಾರೆ. ಸಿಡುಬಿನ ಲಸಿಕೆಯನ್ನು ಮಾತ್ರ ಬಸುರಿಗೆ ಹಾಕುವಂತಿಲ್ಲ, ಅದರಲ್ಲಿ ಜೀವಂತ ವೈರಸ್ ಇದೆ. ಸಂಪರ್ಕವಾದ 10ರಿಂದ 21 ದಿನದೊಳಗೆ ಗುಳ್ಳೆ ಎದ್ದರೆ 24 ಗಂಟೆಯೊಳಗೆ ಔಷಧಿ ಶುರುವಾಗಬೇಕು. ದಮ್ಮು, ಎದೆನೋವು ಬಂದರೆ ತಡಮಾಡದೆ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಗುಳ್ಳೆಯೊಡನೆ ಆಸ್ಪತ್ರೆಗೆ ಹೋಗುವವಳು ಮೊದಲೇ ಫೋನ್ ಮಾಡಿ ತಿಳಿಸಿದರೆ, ಅಲ್ಲಿ ಸಾಲಿನಲ್ಲಿ ಕೂತ ಬೇರೆ ಬಸುರಿಯರೂ ಉಳಿಯುತ್ತಾರೆ.

ತಾಯಿ ಕಾರ್ಡು ಹಿಡಿದು ಮನೆಗೆ ಬರುವ ಆಶಾ ಕಾರ್ಯಕರ್ತೆಗೆ ಮನೆಯಲ್ಲಿ ಸರ್ಪಸುತ್ತು ಇದೆಯೆಂದು ಅಂದೇ ಹೇಳಿ. ಯಾರ ದೋಷ ಎಂದು ಅವಳು ಕೇಳುವುದಿಲ್ಲ. ಎಂದಿನಿಂದ, ಯಾರಿಗೆ, ಮೈಯ ಯಾವ ಭಾಗದಲ್ಲಿ ಎಂದಷ್ಟೇ ಕೇಳುತ್ತಾಳೆ.